ಇಪ್ಪತ್ತೇಳನೆಯ ಗಾಜು

ಅವರು ಮೊದಲ ಸಲ ನಮ್ಮ ಲಾಂಡ್ರಿಯ ಬಾಗಿಲಲ್ಲಿ ನಿಂತಾಗ, ಬಟ್ಟೆ ಕೊಡಲು ಬಂದಿದ್ದಾರೆ ಎಂದುಕೊಂಡು ನಾನು ಚೀಟಿ ಪುಸ್ತಕ ತೆಗೆದೆ. ನಲವತ್ತೈದರ ಆಸುಪಾಸಿನ ಹೆಂಗಸು. ಹೆಗಲಿಗೆ ಕ್ಯಾನ್ವಾಸ್ ಚೀಲ, ಕಾಲಿಗೆ ಗಂಡಸರ ಬೂಟು. ಚೀಲದೊಳಗಿನಿಂದ ಹೊರಬಂದದ್ದು ಬಟ್ಟೆಯಲ್ಲ. ಒಂದು ಡಬ್ಬಿ ಪ್ಲಾಸ್ಟರ್ ಪುಡಿ, ಒಂದು ಸಣ್ಣ ಕರಣೆ, ಹಳೇ ಪತ್ರಿಕೆಯಲ್ಲಿ ಸುತ್ತಿದ ಗಾಜಿನ ಪಟ್ಟಿಗಳು. ತಾನು ಗಣಿಯ ಸರ್ವೆ ಕಚೇರಿಯವಳು, ನಿಮ್ಮ ಗೋಡೆಯಲ್ಲಿ ಬಿರುಕಿದ್ದರೆ ತೋರಿಸಿ ಎಂದರು.

ತೋರಿಸುವುದೇನು ಬಂತು, ಅದು ಬಾಯ್ಲರ್ ಕೋಣೆಯ ಕಿಟಕಿಯ ಮೂಲೆಯಿಂದ ಹೊರಟು, ಇಸ್ತ್ರಿ ಮೇಜಿನ ಮೇಲೆ ಓರೆಯಾಗಿ ಏರಿ, ಸೂರಿನ ತನಕ ಹೋಗಿತ್ತು. ನಮ್ಮ ಅತ್ತೆ ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದರು. ಬಿರುಕು ಬೆಳೆದ ಹಾಗೆ ದೊಡ್ಡ ಕ್ಯಾಲೆಂಡರ್ ಹುಡುಕುತ್ತಿದ್ದರು. ಬಂದವರು ಕ್ಯಾಲೆಂಡರನ್ನು ಮೆಲ್ಲಗೆ ಇಳಿಸಿ, ಗೇಣುದ್ದದ ಗಾಜೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಮೆತ್ತಿದರು. ಹಸಿ ಪ್ಲಾಸ್ಟರಿನ ಮೇಲೆ ಮೊಳೆಯ ಮೊನೆಯಿಂದ ತಾರೀಕು ಗೀಚಿ, ಕೆಳಗೆ ಇಪ್ಪತ್ತೇಳು ಎಂದು ಬರೆದರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಎಲ್ಲವನ್ನೂ ನೋಡುತ್ತಿದ್ದರು.

"ಇದನ್ನ ಅಂಟಿಸಿದ್ರೆ ಗೋಡೆ ನಿಲ್ಲುತ್ತೇನಮ್ಮ?"

"ಇಲ್ಲ ಅಮ್ಮ. ಗೋಡೆ ಅಲುಗಿದ್ರೆ ಗಾಜು ಒಡೆಯುತ್ತೆ. ಯಾವ ವಾರ ಅಲುಗ್ತು ಅಂತ ಗೊತ್ತಾಗುತ್ತೆ. ಅಷ್ಟೇ."

"ಗೊತ್ತಾಗಿ?"

"ಬರ್ಕೋತೀನಿ."

ಅತ್ತೆ ನನ್ನ ಕಡೆ ತಿರುಗಿ ಮೂಗು ಮುರಿದರು. ಮನೆ ಬೀಳುವುದನ್ನು ಬರೆದುಕೊಳ್ಳುವುದಕ್ಕೂ ಸಂಬಳ ಕೊಟ್ಟು ಆಳಿಟ್ಟಿದ್ದಾರಲ್ಲ ಎಂದು ಆಮೇಲೆ ಇಡೀ ದಿನ ಗೊಣಗಿದರು.

ಪ್ರತಿ ಮಂಗಳವಾರ ಅವರು ಬರತೊಡಗಿದರು. ನಮ್ಮದು ಮೂರು ಬೀದಿಗಳ ಬಡಾವಣೆ, ಒಟ್ಟು ಅರವತ್ತನಾಲ್ಕು ಗಾಜು. ಬೀದಿಯವರು ಅವರಿಗೆ ಬಿರುಕಮ್ಮ ಎಂದು ಹೆಸರಿಟ್ಟರು. ಹಲ್ಲಿನ ಡಾಕ್ಟರೇ ಹಲ್ಲುನೋವು ತರುವವನು ಎಂದು ಮಕ್ಕಳು ನಂಬುತ್ತಾರಲ್ಲ, ಹಾಗೆ ಈ ಹೆಂಗಸು ಕಾಲಿಟ್ಟ ಮನೆಗೆ ಬಿರುಕು ಬರುತ್ತದೆ ಎಂದು ದೊಡ್ಡವರೇ ಮಾತಾಡಿಕೊಂಡರು. ಅವರಿಗೂ ಅದು ಕೇಳಿಸಿತ್ತು. ಒಮ್ಮೆ ಎದುರುಮನೆಯ ಕದ ತಟ್ಟಿ, ಯಾರು ಎಂದು ಒಳಗಿನಿಂದ ಕೇಳಿದಾಗ, "ಬಿರುಕಮ್ಮ ಬಂದಿದೀನಿ" ಎಂದು ತಾವೇ ಹೇಳಿದರು. ಒಳಗಿದ್ದವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಆ ಬಿರುಕುಗಳ ಮೂಲ ಇದ್ದದ್ದು ನಮ್ಮ ಕಾಲ ಕೆಳಗೆ, ಮುನ್ನೂರು ಅಡಿ ಆಳದ ಕಲ್ಲಿದ್ದಲಿನಲ್ಲಿ. ನನ್ನ ಗಂಡ ಅಲ್ಲಿ ಇದ್ದಿಲು ಕತ್ತರಿಸುವ ಯಂತ್ರ ನಡೆಸುತ್ತಿದ್ದರು. ಒಂದು ಭಾನುವಾರ ಊಟವಾದ ಮೇಲೆ ಅವರೇ ನಮಗೆ ಅದನ್ನು ತಿಳಿಸಿಕೊಟ್ಟರು. ಮೇಜಿನ ಮೇಲೆ ಎಂಟು ಲೋಟ ಬೋರಲು ಹಾಕಿ, ಅವುಗಳ ಮೇಲೆ ದೊಡ್ಡ ತಟ್ಟೆ ಇಟ್ಟರು. ಲೋಟಗಳ ನಡುವಿನ ಜಾಗವೆಲ್ಲ ಇದ್ದಿಲು ತೆಗೆದ ಕೋಣೆಗಳು. ಲೋಟಗಳು ಮೇಲಿನ ನೆಲವನ್ನು ಹೊತ್ತು ನಿಲ್ಲಲೆಂದು ಬಿಟ್ಟ ಇದ್ದಿಲಿನ ಕಂಬಗಳು. ಈಗ ಕೋಣೆಗಳೆಲ್ಲ ಮುಗಿದಿವೆ. ಊರಾಚೆಯ ಆಟದ ಮೈದಾನದ ಕಡೆಯಿಂದ ಹಿಂದಕ್ಕೆ ಬರುತ್ತಾ ಕಂಬಗಳನ್ನೂ ಕತ್ತರಿಸುತ್ತಿದ್ದಾರೆ ಎಂದು ಹೇಳಿ, ಒಂದು ಲೋಟವನ್ನು ಎಳೆದರು. ತಟ್ಟೆ ಒಂದು ಪಕ್ಕಕ್ಕೆ ವಾಲಿತು.

"ತಟ್ಟೆ ಮೇಲೆ ಯಾರಿದಾರೋ?" ಎಂದು ಅತ್ತೆ ಕೇಳಿದರು.

"ನಾವೇ ಅಮ್ಮ."

ಅತ್ತೆ ಸುಮ್ಮನೆ ಲೋಟಗಳನ್ನು ಒಂದೊಂದಾಗಿ ಎತ್ತಿ ತೊಳೆಯಲು ತೆಗೆದುಕೊಂಡು ಹೋದರು. ನೆಲ ಒಂದು ಬೆರಳಿನಷ್ಟು ಇಳಿದು ಹಾಗೇ ನಿಲ್ಲುತ್ತದೆ, ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದು ಕಂಪನಿ ಮನೆಮನೆಗೂ ಕಾಗದ ಹಂಚಿತ್ತು. ಆದರೆ ಮೈದಾನ ಆಗಲೇ ಬಾಣಲೆಯ ಹಾಗೆ ತಗ್ಗಾಗಿ, ಗೋಲಿನ ಕಂಬಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದವು. ಅದು ಮೈದಾನ, ಅಲ್ಲಿ ಮನೆಗಳಿಲ್ಲ ಎಂದು ನಾವೆಲ್ಲ ಸಮಾಧಾನ ಮಾಡಿಕೊಂಡಿದ್ದೆವು. ಮನೆಯಲ್ಲಿ ನಗೆಚಾಟಿಕೆಯೂ ಇತ್ತು. ನಾನು ಮೇಲೆ ಬಟ್ಟೆ ಒಗೀತೀನಿ, ನನ್ನ ಮಗ ಕೆಳಗೆ ನೆಲ ಒಗೀತಾನೆ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ನನ್ನ ಗಂಡ ಮಾತ್ರ ಆ ಮಾತಿಗೆ ನಗುತ್ತಿರಲಿಲ್ಲ.

ಗೋಡೆಗಿಂತ ಮುಂಚೆ ನಮ್ಮನ್ನು ಹೆದರಿಸಿದ್ದು ಬಾವಿ. ಹಿತ್ತಲಿನ ಆ ಬಾವಿಯನ್ನು ನಂಬಿಯೇ ಮಾವ ಲಾಂಡ್ರಿ ಶುರುಮಾಡಿದ್ದರಂತೆ. ಊರಿನ ಆಸ್ಪತ್ರೆಯ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರರ ಕೋಟು ಎಲ್ಲವೂ ನಮ್ಮಲ್ಲಿಗೇ ಬರುತ್ತಿದ್ದವು. ಆ ವರ್ಷ ಪಂಪು ಒಮ್ಮೊಮ್ಮೆ ನೀರಿನ ಬದಲು ಗಾಳಿ ಎಳೆಯತೊಡಗಿತು. ಬೆಳ್ಳಗಿರಬೇಕಾದ ಬಟ್ಟೆ ಹಳದಿ ತಿರುಗಿತು. ಅತ್ತೆ ಮೊದಲು ನನ್ನ ಸೋಪಿನ ಮೇಲೆ ಅನುಮಾನಪಟ್ಟರು, ಆಮೇಲೆ ನನ್ನ ಕೈಮೇಲೆ. ಕೊನೆಗೆ ಆಸ್ಪತ್ರೆಯ ಮುಖ್ಯ ನರ್ಸ್ ಒಂದು ಗಂಟು ಹಾಸಿಗೆ ಬಟ್ಟೆಗಳನ್ನು ಹಾಗೇ ವಾಪಸು ಕಳಿಸಿ, ಇವುಗಳ ಮೇಲೆ ರೋಗಿಗಳನ್ನು ಮಲಗಿಸಲಾರೆ ಎಂದು ಚೀಟಿ ಇಟ್ಟಿದ್ದರು. ಸಾಲದ್ದಕ್ಕೆ ಗಣಿಯ ಪಕ್ಕದ ಕಲ್ಲುರಾಶಿ ಬೇರೆ. ಇದ್ದಿಲಿನ ಜೊತೆ ಮೇಲೆ ಬಂದ ಕೆಲಸಕ್ಕೆ ಬಾರದ ಕಲ್ಲನ್ನೆಲ್ಲ ಮೂವತ್ತು ವರ್ಷ ಸುರಿದು ಸುರಿದು ಅದು ಗುಡ್ಡವಾಗಿತ್ತು. ಗಾಳಿ ಅತ್ತಲಿಂದ ಬೀಸಿದರೆ ಒಣಹಾಕಿದ ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕಾಗುತ್ತಿತ್ತು.

ಬಿರುಕಮ್ಮ ಬಾವಿಯನ್ನೂ ಅಳೆಯುತ್ತಿದ್ದರು. ಉದ್ದನೆಯ ಟೇಪಿನ ತುದಿಗೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ನೀರು ಮುಟ್ಟಿದ ಸದ್ದಿಗೆ ಕಿವಿಗೊಟ್ಟು, ಅಡಿ ಇಂಚು ಓದಿ ಬರೆದುಕೊಳ್ಳುವರು. ಒಂದು ಮಂಗಳವಾರ ಬಾಟಲಿಯಲ್ಲಿ ನೀರು ತುಂಬಿಸಿ ಕಿಟಕಿಯಲ್ಲಿಟ್ಟು, ಇದನ್ನು ಅಲುಗಿಸಬೇಡಿ ಎಂದು ಹೇಳಿ ಹೋದರು. ಮುಂದಿನ ವಾರ ನೋಡಿದರೆ ತಳದಲ್ಲಿ ತುಕ್ಕಿನ ಬಣ್ಣದ ಕೆಸರು ಕೂತಿತ್ತು. ಕೆಳಗೆ ಬಂಡೆ ಸಡಿಲವಾದಾಗ ಒಳ್ಳೆಯ ನೀರು ಸೋರಿಹೋಗಿ, ಹಳೆಯ ಇದ್ದಿಲ ಕೋಣೆಗಳನ್ನು ತೊಳೆದುಕೊಂಡ ನೀರು ಅದರ ಜಾಗಕ್ಕೆ ಬರುತ್ತದಂತೆ. ಸೋಪಿನದು ತಪ್ಪಲ್ಲ ಎಂದು ಅತ್ತೆಯ ಮುಂದೆಯೇ ಹೇಳಿದರು. ಬೇರೆ ಯಾವುದಕ್ಕಲ್ಲದಿದ್ದರೂ ಆ ಒಂದು ಮಾತಿಗೆ ನಾನು ಅವರ ಋಣದಲ್ಲಿದ್ದೇನೆ.

ಆ ನಡುವೆ, ಗಾಜು ಒಡೆದ ಮನೆಗಳನ್ನು ಕಂಪನಿ ಮೊದಲು ದುರಸ್ತಿ ಮಾಡಿಸುತ್ತದೆ ಎಂಬ ಸುದ್ದಿ ಎಲ್ಲಿಂದಲೋ ಹುಟ್ಟಿತು. ಯಾರು ಹೇಳಿದರೋ, ನಿಜವೋ ಸುಳ್ಳೋ, ಕೇಳಿದವರಿಲ್ಲ. ಹಾಸಿಗೆ ಬಟ್ಟೆ ವಾಪಸು ಬಂದ ಸೋಮವಾರ ಮಧ್ಯಾಹ್ನ ನಾನು ಹಿತ್ತಲಿನಿಂದ ಒಳಗೆ ಬಂದಾಗ ಅತ್ತೆ ಬಾಯ್ಲರಿನಿಂದ ಬಟ್ಟೆ ಎತ್ತುವ ಕೋಲು ಹಿಡಿದು ಗೋಡೆಯ ಮುಂದೆ ನಿಂತಿದ್ದರು. ಗಾಜು ಚೂರಾಗಿತ್ತು.

"ತಾನಾಗೇ ಒಡೀತು ಅನ್ನು," ಎಂದರು.

ಅತ್ತೆ ಸುಳ್ಳು ಹೇಳುವವರಲ್ಲ. ಗಂಡ ಹೋದ ಮೇಲೆ ಒಬ್ಬರೇ ಹದಿನಾರು ವರ್ಷ ಆ ಬಾಯ್ಲರ್ ಉರಿಸಿದವರು. ಕಣ್ಣೆದುರು ಎಲ್ಲ ಕುಸಿಯುತ್ತಿರುವಾಗ ಕೈಗೆ ಸಿಕ್ಕಿದ್ದು ಆ ಕೋಲು, ಅಷ್ಟೇ.

ಮರುದಿನ ಬಿರುಕಮ್ಮ ಬಂದು ಗಾಜಿನ ಮುಂದೆ ತುಂಬ ಹೊತ್ತು ನಿಂತರು. ಗೋಡೆ ಸರಿದು ಒಡೆದರೆ ಗಾಜು ಬಿರುಕಿನ ಜಾಡಿನಲ್ಲೇ ಒಂದೇ ಗೀಟಾಗಿ ಸೀಳುತ್ತದೆ, ಇದು ಜೇಡನ ಬಲೆಯ ಹಾಗೆ ನಡುವಿನಿಂದ ಹರಡಿದೆ ಎಂದು, ಯಾರ ಮುಖವನ್ನೂ ನೋಡದೆ, ಗೋಡೆಗೇ ಹೇಳುವವರಂತೆ ಹೇಳಿದರು. ಹೊಸ ಗಾಜು ಹಾಕಿದರು. ಯಾವ ಮನೆಯಲ್ಲೇ ಆಗಲಿ, ಬರೆದದ್ದನ್ನು ಮನೆಯವರಿಗೆ ಓದಿ ಹೇಳಿ ಹೋಗುವುದು ಅವರ ಪದ್ಧತಿ. ಆ ದಿನವೂ ಓದಿದರು:

"ಇಪ್ಪತ್ತೇಳು. ಪೆಟ್ಟಿನಿಂದ ಒಡೆದಿದೆ. ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಹೊಸದು ಹಾಕಿದೆ."

ಅತ್ತೆಯ ಮುಖ ಕೆಂಪೇರಿತು. "ನಿನಗೂ ಒಂದು ಮನೆ ಅಂತ ಇದ್ಯೋ ಇಲ್ವೋ?"

"ಇದೆ ಅಮ್ಮ, ಮೂರನೇ ಬೀದಿ ಕೊನೇಲಿ. ಅಲ್ಲೂ ಎರಡು ಗಾಜಿವೆ. ಇನ್ನೂ ಒಡೆದಿಲ್ಲ. ಒಡೆದಿಲ್ಲ ಅಂತಾನೇ ಬರೀತಿದೀನಿ."

ಇನ್ನು ಈ ಹೊಸ್ತಿಲು ತುಳಿಯಬೇಡ ಎಂದರು ಅತ್ತೆ. ಮುಂದಿನ ಮಂಗಳವಾರ ಬೀದಿ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ ಕೋಣೆಯಲ್ಲಿ ಮಲಗಿಬಿಟ್ಟರು. ನಾನು ಹಿತ್ತಲ ಬಾಗಿಲು ತೆರೆದೆ. ಅತ್ತೆಗೆ ಎದುರಾಡಿದವಳಲ್ಲ ನಾನು, ಅವತ್ತೂ ಎದುರಾಡಲಿಲ್ಲ. ಸುಮ್ಮನೆ ಕದ ತೆಗೆದೆ. ಆಮೇಲಿನ ಎಷ್ಟೋ ಮಂಗಳವಾರ ಹಾಗೇ ನಡೆಯಿತು. ಬಾಯ್ಲರಿನ ಸದ್ದಿನಲ್ಲಿ ನಾವಿಬ್ಬರೂ ಪಿಸುಗುಟ್ಟುತ್ತಿದ್ದೆವು. ನಾನು ಅಕ್ಕ ಎಂದು ಕರೆಯತೊಡಗಿದ್ದು ಆಗಲೇ.

ಒಂಬತ್ತು ವರ್ಷದ ಹಿಂದೆ ಗಣಿಯೊಳಗೆ ಚಾವಣಿ ಕುಸಿದು ಅಕ್ಕನ ಗಂಡ ತೀರಿಕೊಂಡಿದ್ದರು. ಅದಕ್ಕೆ ಬದಲಾಗಿ ಸರ್ವೆ ಕಚೇರಿಯಲ್ಲಿ ಟೇಪಿನ ತುದಿ ಹಿಡಿಯುವ ಕೆಲಸ ಕೊಟ್ಟರಂತೆ. ಎಂಟನೇ ತರಗತಿಯ ತನಕ ಓದಿದ್ದ ಅವರಿಗೆ ಅಳತೆ ಓದುವುದು, ನಕ್ಷೆ ನೋಡುವುದು ಎಲ್ಲವನ್ನೂ ಹೇಳಿಕೊಟ್ಟವರು ಅಲ್ಲಿನ ಹಿರಿಯ ಸರ್ವೇಯರ್. ಕಂಡದ್ದನ್ನು ಬರಿ, ಅನಿಸಿದ್ದನ್ನು ಬರೆಯಬೇಡ ಎನ್ನುವುದೊಂದೇ ಅವರ ಪಾಠವಂತೆ. ಗಂಡನನ್ನು ನುಂಗಿದ ಗಣಿಯ ಮೇಲೆ ಸಿಟ್ಟಿಲ್ಲವೇ ಎಂದು ನಾನೊಮ್ಮೆ ಕೇಳಿಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಬೇಸರಪಡಲಿಲ್ಲ. ಇದೆ, ಆದರೆ ಸಿಟ್ಟನ್ನು ಬರೆದರೆ ಯಾರೂ ಓದುವುದಿಲ್ಲ, ಇಂಚು ಬರೆದರೆ ಒಂದಲ್ಲ ಒಂದು ದಿನ ಯಾರಾದರೂ ಓದಲೇಬೇಕಾಗುತ್ತದೆ ಎಂದರು.

ಹೊಸದಾಗಿ ಹಾಕಿದ್ದ ಇಪ್ಪತ್ತೇಳನೆಯ ಗಾಜು ಮೂರನೆಯ ವಾರ ಒಡೆಯಿತು. ಯಾರೂ ಮುಟ್ಟಿರಲಿಲ್ಲ. ಬ್ಲೇಡಿನಿಂದ ಎಳೆದ ಹಾಗೆ ಒಂದೇ ಗೀಟು. ಅಕ್ಕ ನನ್ನ ಬೆರಳು ಹಿಡಿದು ಆ ಗೀಟಿನ ಮೇಲೆ ಆಡಿಸಿದರು. ಒಂದು ಅಂಚು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತಗ್ಗಿತ್ತು. ಅದೇ ವಾರ ನಮ್ಮ ಬೀದಿಯಲ್ಲಿ ಇನ್ನೂ ಐದು ಒಡೆದವು. ಬಾವಿ ನಾಲ್ಕು ಅಡಿ ಇಳಿದಿತ್ತು.

ಆ ಸಂಜೆ ಊಟಕ್ಕೆ ಕೂತಾಗ ನಾನು ಗಂಡನಿಗೆ ಇದನ್ನೆಲ್ಲ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು ಕೂತರು. ಆಮೇಲೆ, ತಿಂಗಳಿಂದ ಎದೆಯಲ್ಲಿಟ್ಟುಕೊಂಡಿದ್ದನ್ನು ಹೊರಹಾಕಿದರು. ಮೈದಾನದ ಕಡೆ ಕಂಬ ತೆಗೆದ ಮೇಲೆ ಆ ಭಾರವೆಲ್ಲ ನಮ್ಮ ಬೀದಿಗಳ ಕೆಳಗಿನ ಕಂಬಗಳ ಮೇಲೆ ಬಿದ್ದಿದೆಯಂತೆ. ಅವು ಈರುಳ್ಳಿಯ ಹಾಗೆ ಸಿಪ್ಪೆ ಬಿಡುತ್ತಿವೆಯಂತೆ. ಬೆಳಗ್ಗೆ ಗುಡಿಸಿದ ದಾರಿಯಲ್ಲಿ ಸಂಜೆಗೆ ಪಾದ ಮುಚ್ಚುವಷ್ಟು ಇದ್ದಿಲು ಉದುರಿರುತ್ತದಂತೆ. ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಂಬ ಕತ್ತರಿಸುವುದು ನಿಂತರೆ ತನ್ನ ಯಂತ್ರ ಮೂಲೆ ಸೇರುತ್ತದೆ, ಜೊತೆಗೆ ತಾನೂ ಎಂದರು. ಅತ್ತೆ ಮಗನ ತಟ್ಟೆಯನ್ನೇ ನೋಡುತ್ತಿದ್ದರು. ನಗೆಚಾಟಿಕೆಯ ಮಾತು ಅವತ್ತಿನಿಂದ ಅವರ ಬಾಯಲ್ಲಿ ಬರಲಿಲ್ಲ.

ಅಕ್ಕನ ಅಳತೆ ಪುಸ್ತಕವನ್ನು ಹಿರಿಯ ಸರ್ವೇಯರ್ ಗಣಿ ತಪಾಸಣಾ ಇಲಾಖೆಗೆ ಕಳಿಸಿಕೊಟ್ಟರು. ಮ್ಯಾನೇಜರನ್ನು ಕೇಳಿ ಕಳಿಸಿದ್ದಲ್ಲ. ಕಳಿಸಿ, ಆಮೇಲೆ ಹೇಳಿದ್ದು. ಹದಿನೈದು ದಿನ ಬಿಟ್ಟು ತಪಾಸಣೆಯ ಅಧಿಕಾರಿ ಬಂದರು. ಶನಿವಾರ ಮಧ್ಯಾಹ್ನ ಗಣಿಯ ಕ್ಯಾಂಟೀನಿನಲ್ಲಿ ಸಭೆ ಎಂದು ಸಾರಿದರು. ಮೂರು ಬೀದಿಯವರೂ ಬಂದಿದ್ದರು. ಬೆಂಚು ಸಾಲದೆ ಗಂಡಸರು ಗೋಡೆಗೆ ಒರಗಿ ನಿಂತರು.

ಮ್ಯಾನೇಜರ್ ಕೆಟ್ಟ ಮನುಷ್ಯರಲ್ಲ. ಕಂಬಗಳನ್ನು ಬಿಟ್ಟುಬಿಟ್ಟರೆ ಗಣಿ ಬೇಗ ಮುಚ್ಚುತ್ತದೆ, ಇಲ್ಲಿ ಕೂತವರಲ್ಲಿ ಅರ್ಧ ಜನ ಅದನ್ನೇ ನೆಚ್ಚಿಕೊಂಡಿದ್ದೀರಿ ಎಂದು ಸಮಾಧಾನವಾಗಿಯೇ ಹೇಳಿದರು. ಹಳೆಯ ಮನೆಗಳೆಂದ ಮೇಲೆ ಬಿರುಕು ಇದ್ದದ್ದೇ ಎಂದರು. ಆಮೇಲೆ ಆ ಮಾತು ತೆಗೆದರು. ದುರಸ್ತಿಯ ಆಸೆಗೆ ಜನ ತಾವೇ ಗಾಜು ಒಡೆದುಕೊಂಡಿದ್ದಾರೆ, ಇದು ಊರಿಗೇ ಗೊತ್ತು, ಇಂಥ ಪುಸ್ತಕ ನಂಬಿ ಗಣಿಯ ಕೆಲಸ ನಿಲ್ಲಿಸಲಾಗುತ್ತದೆಯೇ ಎಂದರು.

ನಾನು ನೆಲ ನೋಡಿದೆ. ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು.

ಹಿರಿಯ ಸರ್ವೇಯರ್ ಎದ್ದರು. ಕನ್ನಡಕ ಒರೆಸಿಕೊಂಡು ಒಂದು ಪುಟ ತೆಗೆದು ಓದಿದರು. ಇಪ್ಪತ್ತೇಳು, ಪೆಟ್ಟಿನಿಂದ ಒಡೆದಿದೆ, ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಕೈಯಿಂದ ಒಡೆದ ಗಾಜು ಇದೊಂದೇ, ಅದನ್ನು ಹಾಗೆಂದೇ ಬರೆದಿದೆ, ಉಳಿದ ಇಪ್ಪತ್ತಮೂರು ಗೋಡೆ ಸರಿದು ಒಡೆದವು ಎಂದರು. ಅದು ಯಾರ ಮನೆ ಎಂದು ಮ್ಯಾನೇಜರ್ ಕೇಳಿದರು. ಸರ್ವೇಯರ್ ಅಕ್ಕನ ಕಡೆ ನೋಡಿದರು. ಅಕ್ಕ ಎದ್ದು ನಿಂತು, ಜನರ ಮುಂದೆ ಮನೆಯ ಗುರುತು ಹೇಳುವುದಿಲ್ಲ, ನಂಬರು ಅಷ್ಟೇ ಎಂದರು. ನಂಬಿಕೆ ಹುಟ್ಟಿಸಲು ಅಂಥದ್ದೊಂದು ಸಾಲನ್ನು ಯಾರು ಬೇಕಾದರೂ ಆಮೇಲೆ ಸೇರಿಸಬಹುದಲ್ಲ ಎಂದು ಮ್ಯಾನೇಜರ್ ಅಧಿಕಾರಿಯತ್ತ ತಿರುಗಿದರು. ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದ್ದು ನನಗೆ ಕಾಣಿಸಿತು. ಮುಗಿಯಿತು ಎಂದುಕೊಂಡೆ.

ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ಅತ್ತೆ ಎದ್ದಿದ್ದರು.

"ಅದು ನಮ್ಮನೆ. ಗಾಜು ಒಡೆದದ್ದು ನಾನು. ಬಾಯ್ಲರ್ ಕೋಲಲ್ಲಿ ಹೊಡೆದೆ."

ಅತ್ತೆಯ ದನಿ ಬರಬರುತ್ತಾ ಗಟ್ಟಿಯಾಯಿತು.

"ಈಕೆ ನನ್ನ ಮುಂದೇನೇ ಬರೆದಳು, ಓದಿಯೂ ಹೇಳಿದಳು. ನಾನು ಬೈದೆ. ಮನೆಗೆ ಬರಬೇಡ ಅಂದೆ. ಆದ್ರೂ ಒಂದಕ್ಷರ ಅಳಿಸಲಿಲ್ಲ. ಹಿತ್ತಲಿಂದ ಬಂದು ಹೋಗ್ತಿದ್ದದ್ದು ನನಗೇನು ಗೊತ್ತಿಲ್ವಾ? ಮಲಗಿದ್ದೆ ಅಷ್ಟೇ, ನಿದ್ದೆ ಬಂದಿರಲಿಲ್ಲ. ನನ್ನ ಒಂದು ಸುಳ್ಳನ್ನ ಬಿಡದೇ ಇರೋಳು, ನಿಮ್ಮ ಮೇಲೆ ಇಪ್ಪತ್ತಮೂರು ಸುಳ್ಳು ಬರೀತಾಳಾ ಸಾರ್?"

ಅಷ್ಟು ಹೇಳಿ ಕೂತರು. ನಾನು ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನಾನು ಅವರನ್ನು ಹಾಗೆ ಮುಟ್ಟಿದ್ದು ಅದೇ ಮೊದಲು.

ಗೋಡೆಗೆ ಒರಗಿದ್ದ ನನ್ನ ಗಂಡ ಆಗ ಒಂದು ಹೆಜ್ಜೆ ಮುಂದೆ ಬಂದು, ತಾನು ಕೆಳಗೆ ಕೆಲಸ ಮಾಡುವವನು, ಕಂಬಗಳ ವಿಷಯ ಹೇಳುವುದಿದೆ ಎಂದರು. ಪಾದ ಮುಚ್ಚುವ ಇದ್ದಿಲಿನ ಸಂಗತಿಯನ್ನು ತಡವರಿಸುತ್ತಲೇ ಹೇಳಿ ಮುಗಿಸಿದರು. ಅವರಾದ ಮೇಲೆ ಇನ್ನಿಬ್ಬರು ಹೌದೆಂದರು. ಹಿರಿಯ ಸರ್ವೇಯರ್ ಕೊನೆಗೆ ಹೇಳಿದ ಮಾತು ನನಗೆ ಇನ್ನೂ ಕಿವಿಯಲ್ಲಿದೆ. "ಮೈದಾನದ ವಿಷಯದಲ್ಲಿ ನಾನು ಬಾಯಿ ಬಿಡಲಿಲ್ಲ. ಅಲ್ಲಿ ಮನೆಗಳಿಲ್ಲವಲ್ಲ ಅಂತ ಸುಮ್ಮನಾದೆ. ಅದು ನನ್ನ ತಪ್ಪು." ಅಧಿಕಾರಿ ಪೆನ್ನಿನ ಮುಚ್ಚಳ ಮತ್ತೆ ತೆಗೆದು, ಸೋಮವಾರ ತಾವೇ ಕೆಳಗಿಳಿದು ನೋಡುವುದಾಗಿ ಹೇಳಿದರು. ಇಳಿದು ನೋಡಿದರು ಕೂಡ.

ಆರು ವಾರದಲ್ಲಿ ಆದೇಶ ಬಂತು. ಮೂರು ಬೀದಿಗಳ ಕೆಳಗಿನ ಒಂದು ಕಂಬವನ್ನೂ ಮುಟ್ಟುವಂತಿಲ್ಲ. ಅಷ್ಟೇ ಅಲ್ಲ, ಕಂಬಗಳ ನಡುವಿನ ಖಾಲಿ ಕೋಣೆಗಳನ್ನು ತುಂಬಬೇಕು. ಯಾವುದರಿಂದ ತುಂಬುವುದೆಂದು ದೂರ ಹುಡುಕಬೇಕಾಗಿರಲಿಲ್ಲ. ಬಟ್ಟೆಯ ಮೇಲೆ ಧೂಳು ಸುರಿಯುತ್ತಿದ್ದ ಆ ಕಲ್ಲುಗುಡ್ಡವೇ ಇತ್ತು. ಕಲ್ಲನ್ನು ಪುಡಿಮಾಡಿ, ವಿದ್ಯುತ್ ಸ್ಥಾವರದ ಬೂದಿ ಮತ್ತು ಸ್ವಲ್ಪ ಸಿಮೆಂಟ್ ಬೆರೆಸಿ, ಗಂಜಿಯ ಹಾಗೆ ಕಲಸಿ, ಕೊಳವೆಯಲ್ಲಿ ಕೆಳಗೆ ಇಳಿಸುವುದು. ಅದು ಅಲ್ಲಿ ಗಟ್ಟಿಯಾಗಿ ಕಂಬಗಳಿಗೆ ಆಸರೆಯಾಗುತ್ತದೆ. ಎರಡೂವರೆ ವರ್ಷ ಆ ಕೆಲಸ ನಡೆಯಿತು. ಒಮ್ಮೆ ಆದೇಶ ಬಂದ ಮೇಲೆ ಮ್ಯಾನೇಜರ್ ಕಾಟಾಚಾರಕ್ಕೆ ಮಾಡಿಸಲಿಲ್ಲ, ಅದನ್ನು ಹೇಳಲೇಬೇಕು. ತುಂಬಿದ ಜಾಗದಲ್ಲಿ ಪೊಳ್ಳು ಉಳಿದಿದೆಯೇ ಎಂದು ವಾರವಾರ ತಾವೇ ಇಳಿದು ತಟ್ಟಿ ನೋಡುತ್ತಿದ್ದರೆಂದು ನನ್ನ ಗಂಡ ಹೇಳುತ್ತಿದ್ದರು. ನನ್ನ ಗಂಡ ತುಂಬುವ ತಂಡದ ಮೇಸ್ತ್ರಿಯಾಗಿದ್ದರು. ಮೊದಲು ಕಪ್ಪಗಾಗಿ ಬರುತ್ತಿದ್ದವರು ಈಗ ಬೂದಿ ಬಳಿದುಕೊಂಡು ಬರುತ್ತಿದ್ದರು. ಇಷ್ಟು ವರ್ಷ ತೆಗೆದದ್ದನ್ನೆಲ್ಲ ಭೂಮಿಗೆ ವಾಪಸು ಕೊಡುತ್ತಿದ್ದೇನೆ ಎಂದು ಅವರು ಒಂದು ದಿನ ಹೇಳಿದಾಗ, ಅತ್ತೆ, ನೀನು ಚಿಕ್ಕವನಿದ್ದಾಗಲೂ ಆಟದ ಸಾಮಾನೆಲ್ಲ ಹರಡಿ ಕೊನೆಗೆ ನೀನೇ ಎತ್ತಿಡುತ್ತಿದ್ದೆ ಎಂದರು.

ಎಲ್ಲವೂ ಮೊದಲಿನಂತಾಯಿತು ಎಂದರೆ ಸುಳ್ಳಾಗುತ್ತದೆ. ಎರಡನೇ ಬೀದಿಯ ತುದಿಯ ಎರಡು ಮನೆ ಉಳಿಯಲಿಲ್ಲ, ಕೆಡವಿ ಬೇರೆ ಕಡೆ ಕಟ್ಟಿಕೊಟ್ಟರು. ಮೈದಾನ ಈಗಲೂ ಕೆರೆಯೇ. ಅದರ ಕಡೆಯಿಂದ ಹಳ್ಳಕ್ಕೆ ಇಳಿಯುವ ನೀರು ಕಿತ್ತಳೆ ಬಣ್ಣದ್ದಾಗಿತ್ತು. ಸುಣ್ಣದ ಕಲ್ಲು ಹಾಸಿದ ಕಾಲುವೆಯಲ್ಲಿ ಹರಿಸಿ, ಮೂರು ಹೊಂಡಗಳಲ್ಲಿ ತಂಗಿಸಿ ಬಿಡುತ್ತಾರೆ. ಕೊನೆಯ ಹೊಂಡದಲ್ಲಿ ಈಗ ಕಪ್ಪೆಗಳಿವೆ. ನಮ್ಮ ಬಾವಿ ಕಳೆದುಕೊಂಡ ನಾಲ್ಕು ಅಡಿಯಲ್ಲಿ ಮೂರನ್ನು ಮೆಲ್ಲಗೆ ವಾಪಸು ಪಡೆಯಿತು. ನೀರು ತಿಳಿಯಾಗಲು ಎರಡು ವರ್ಷ ಹಿಡಿಯಿತು. ಅಲ್ಲಿಯ ತನಕ ಗಣಿಯವರು ದಿನವೂ ಟ್ಯಾಂಕರಿನಲ್ಲಿ ನೀರು ಕೊಟ್ಟರು. ಗುಡ್ಡ ಅರ್ಧಕ್ಕಿಂತ ಹೆಚ್ಚು ಕರಗಿ, ಉಳಿದದ್ದರ ಮೇಲೆ ಮಣ್ಣು ಹಾಕಿ ಹುಲ್ಲು ಬೆಳೆಸಿದ್ದಾರೆ. ಹಿತ್ತಲಲ್ಲಿ ಬಟ್ಟೆ ಹರವುವಾಗ ಗಾಳಿ ಯಾವ ಕಡೆಯದೆಂದು ಮೊದಲಿನಂತೆ ಬೆರಳು ಒದ್ದೆಮಾಡಿ ನೋಡುವ ಅಭ್ಯಾಸ ನನಗೆ ಯಾವಾಗ ತಪ್ಪಿತೋ ಗೊತ್ತೇ ಆಗಲಿಲ್ಲ.

ತುಂಬುವ ಕೆಲಸ ಮುಗಿದ ವರ್ಷವೇ ಅಕ್ಕನಿಗೆ ವರ್ಗವಾಯಿತು. ಇನ್ನೊಂದು ಗಣಿಯ ಊರಿನಲ್ಲಿ, ಕಂಬ ತೆಗೆಯುವ ಮುಂಚೆಯೇ ಮನೆಗಳ ಅಳತೆ ಶುರುಮಾಡಬೇಕು, ಅಲ್ಲಿನ ನಾಲ್ಕು ಹೆಂಗಸರಿಗೆ ಕೆಲಸ ಕಲಿಸಬೇಕು ಎಂದು ತಪಾಸಣೆಯವರೇ ಕೇಳಿಕೊಂಡಿದ್ದರು. ಹೊರಡುವ ದಿನ ಬೆಳಗ್ಗೆ ಅವರು ನಮ್ಮ ಮನೆಗೆ ಬಂದರು. ಅತ್ತೆ ಅವರನ್ನು ಅಡಿಗೆಮನೆಯಲ್ಲಿ ತಮ್ಮ ಕುರ್ಚಿಯಲ್ಲೇ ಕೂರಿಸಿ ಚಹಾ ಕೊಟ್ಟರು. ಬಹಳ ಹೊತ್ತು ಬಿಸಿಲು, ಬಸ್ಸು, ಆ ಊರಿನ ಮನೆ ಬಾಡಿಗೆ ಇಂಥ ಮಾತೇ ನಡೆಯಿತು. ಅತ್ತೆಗೆ ಏನೋ ಹೇಳುವುದಿತ್ತು. ಕೊನೆಗೆ ಅಕ್ಕನೇ ಮಾತು ತೆಗೆದರು.

"ಅಮ್ಮ, ನನ್ನವರು ಹೋದ ಮೇಲೆ ಕಚೇರಿಯಾಚೆ ನನ್ನ ಮಾತಿಗೆ ಸಾಕ್ಷಿ ಅಂತ ಮೊದಲು ಎದ್ದು ನಿಂತವರು ನೀವೇ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಅತ್ತೆ ಲೋಟವನ್ನು ಕೆಳಗಿಟ್ಟರು. "ನೀನು ಯಾಕಮ್ಮ ಹೇಳ್ತೀಯ, ಹೇಳಬೇಕಾದವಳು ನಾನು. ನಿನ್ನಿಂದ ನನ್ನ ಮನೆ ಉಳೀತು. ಅದಕ್ಕಿಂತ ಹೆಚ್ಚಾಗಿ, ಸಾಯೋ ಕಾಲಕ್ಕೆ ಸುಳ್ಳು ಹೊತ್ಕೊಂಡು ಹೋಗೋದು ತಪ್ಪಿತು."

ಆಮೇಲೆ ಇಬ್ಬರೂ ಅತ್ತರು, ಇಬ್ಬರೂ ಹೊಗೆಯ ನೆಪ ಹೇಳಿದರು. ಅಡಿಗೆಮನೆಯಲ್ಲಿ ಹೊಗೆ ಎಲ್ಲಿತ್ತು, ಗ್ಯಾಸ್ ಒಲೆ.

ಬಸ್ ನಿಲ್ದಾಣಕ್ಕೆ ಮೂವರೂ ಹೋದೆವು. ನನ್ನ ಗಂಡ ಅಕ್ಕನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಕಟ್ಟಿಸಿ, ಎರಡು ಸಲ ಹಗ್ಗ ಎಳೆದು ನೋಡಿ, ಪಾಳಿಗೆ ಹೊತ್ತಾಯಿತೆಂದು ಓಡಿದರು. ಅಕ್ಕ ಕಿಟಕಿಯ ಪಕ್ಕ ಕೂತು, ನಿಲ್ಲಬೇಡಿ, ಮನೆಗೆ ಹೋಗಿ ಎಂದು ಕೈ ಆಡಿಸುತ್ತಲೇ ಇದ್ದರು. ಬಸ್ಸು ಹೊರಟು ತಿರುವಿನಲ್ಲಿ ಮರೆಯಾಯಿತು. ಆಸ್ಪತ್ರೆಯ ಬಟ್ಟೆ ನೆನೆಹಾಕಿ ಬಂದಿದ್ದೆ, ಹೋಗೋಣ ಅತ್ತೆ ಎಂದೆ.

"ತಾಳು," ಎಂದರು. ತಿರುವು ದಾಟಿದ ಮೇಲೆ ರಸ್ತೆ ದಿನ್ನೆ ಹತ್ತುತ್ತದೆ, ಅಲ್ಲಿ ಬಸ್ಸು ಇನ್ನೊಮ್ಮೆ ಕಾಣುತ್ತದೆ. ಅದು ಕಾಣುವ ತನಕ, ಕಂಡು ದಿನ್ನೆಯ ಆಚೆ ಇಳಿಯುವ ತನಕ, ನಾವಿಬ್ಬರೂ ಅಲ್ಲೇ ನಿಂತಿದ್ದೆವು.